ಜಂಟಿ ಅನುದಾನ ಅಂದರೆ ಜಂಟಿ ಖಾತೆಯಲ್ಲ

ಗುಂಡ್ಲುಪೇಟೆ ತಾಲ್ಲೂಕಿನ ಬೇರಂಬಾಡಿ ಸುತ್ತಿನ ಹೊಲಗಳಲ್ಲಿ ಬೋರ್‌ವೆಲ್ ನೀರಿನ ಮಟ್ಟ ಅಳೆಯುವುದು ನೋಡುವವರಿಗೆ ಸಲೀಸು ಕೆಲಸ. ರಾಟೆಗೆ ಸುತ್ತಿದ ಟೇಪು, ಅದರ ತುದಿಯಲ್ಲಿ ಬೆರಳುದ್ದದ ಲೋಹದ ತುಂಡು. ಕೇಸಿಂಗ್ ಪೈಪಿನೊಳಗೆ ಇಳಿಬಿಟ್ಟರೆ ನೀರು ತಾಗಿದ ಗಳಿಗೆಗೆ ರಾಟೆ ಪೀ ಎನ್ನುತ್ತದೆ. ಪೈಪಿನ ಬಾಯಿಗೆ ಸರಿಯಾಗಿ ಬೆರಳಿಟ್ಟು ಅಂಕಿ ಓದಿಕೊಳ್ಳಬೇಕು. ಆದರೆ ರೈತರ ಬೋರ್‌ವೆಲ್‌ನಲ್ಲಿ ಮೋಟರಿನ ಪೈಪು, ಕೇಬಲ್ಲು, ಹಗ್ಗ ಮೊದಲೇ ಇಳಿದಿರುತ್ತವೆ. ಉಳಿದ ಸಂದಿಯಲ್ಲಿ ಟೇಪು ಸಿಕ್ಕಿಕೊಂಡರೆ ಬಿಡಿಸಿ ತೆಗೆಯುವುದೇ ಅರ್ಧ ದಿನದ ಕೆಲಸ. ಮೋಟರ್ ಓಡುತ್ತಿರುವಾಗ ಅಳೆದದ್ದು ಅಂತರ್ಜಲದ ಮಟ್ಟವೇ ಅಲ್ಲ, ಪಂಪು ಎಳೆದು ಕುಗ್ಗಿಸಿದ ಮಟ್ಟ. ಹಾಗಾಗಿ ಯಾವ ಫೀಡರಿಗೆ ತ್ರೀ ಫೇಸ್ ಕರೆಂಟು ಎಷ್ಟು ಹೊತ್ತಿಗೆ ಬರುತ್ತದೆ, ಈ ವಾರ ಪಾಳಿ ಬದಲಾಗಿದೆಯೇ ಎಂಬುದೆಲ್ಲ ಅಳೆಯುವವರ ತಲೆಯಲ್ಲಿರಬೇಕು.

ಈ ಒಂದು ಅಂಕಿಯ ಹಿಂದೆ ಎರಡು ದೇಶಗಳಿವೆ, ಆ ಎರಡೂ ದೇಶದ ಸಂಶೋಧಕರು ಒಟ್ಟಿಗೆ ಮಾಡುವ ಕೆಲಸಕ್ಕೆ ಸಿಗುವ ಜಂಟಿ ಅನುದಾನವಿದೆ. ಭಾರತೀಯ ವಿಜ್ಞಾನ ಸಂಸ್ಥೆ ಮತ್ತು ಫ್ರಾನ್ಸಿನ ಸಂಶೋಧನಾ ಸಂಸ್ಥೆಗಳು ಸೇರಿ ಬಂಡೀಪುರ ಕಾಡಿನೊಳಗಿನ ಮೂಲೆಹೊಳೆಯಲ್ಲಿ 2003ರಿಂದ ಮಳೆ, ತೊರೆ, ಮಣ್ಣು, ಅಂತರ್ಜಲವನ್ನು ಅಳೆಯುತ್ತ ಬಂದಿವೆ. ಅದು ಸುಮಾರು 4 ಚದರ ಕಿಲೋಮೀಟರಿನ ಪುಟ್ಟ ಜಲಾನಯನ. ಕಾಡಿನಲ್ಲಿ ಕಂಡದ್ದನ್ನು ಉಳುಮೆಯ ನೆಲದ ಜತೆ ಹೋಲಿಸಿ ನೋಡಲು 2009ರ ಹೊತ್ತಿಗೆ ಬೇರಂಬಾಡಿ ಸೇರಿತು. ಇದು 84 ಚದರ ಕಿಲೋಮೀಟರು. ಅರಿಸಿನ, ಚೆಂಡು ಹೂವು, ಸೂರ್ಯಕಾಂತಿ, ಬಾಳೆ ಬೆಳೆಯುವ, ಬೋರ್‌ವೆಲ್‌ಗಳನ್ನೇ ನಂಬಿದ ಊರುಗಳು. 2013ರಿಂದ 2017ರವರೆಗೆ ಇಲ್ಲಿ ನಡೆದ ‘ಆಯಿಚಾ’ ಎಂಬ ಯೋಜನೆ, ಹವಾಮಾನ ಬದಲಾದಂತೆ ನೀರಾವರಿ ಬೇಸಾಯ ಹೇಗೆ ಹೊಂದಿಕೊಳ್ಳಬೇಕು ಎಂದು ಕೇಳಿತು. ಅದಕ್ಕೆ ಹಣ ಕೊಟ್ಟದ್ದು ‘ಸೆಫಿಪ್ರಾ’, ಅಂದರೆ ಉನ್ನತ ಸಂಶೋಧನೆಗಾಗಿ 1987ರಲ್ಲಿ ಸ್ಥಾಪನೆಯಾದ ಭಾರತ–ಫ್ರಾನ್ಸ್ ಕೇಂದ್ರ.

ಇಂಥ ಯೋಜನೆಗಳ ಬಗ್ಗೆ ನಮ್ಮ ವಿಶ್ವವಿದ್ಯಾಲಯಗಳಲ್ಲಿ ಮಾತು ಬಂದಾಗಲೆಲ್ಲ ಅದು ಒಡಂಬಡಿಕೆಗೆ ಸಹಿ ಹಾಕಿದ ಫೋಟೋದಲ್ಲಿ ನಿಂತುಬಿಡುತ್ತದೆ. ಕೆಲಸ ಶುರುವಾಗುವುದು ಅದಾದ ಮೇಲೆ. ‘ಜಂಟಿ ಅನುದಾನ’ ಎಂಬ ಹೆಸರು ಕೇಳಿ ಗಂಡ ಹೆಂಡತಿಯ ಜಂಟಿ ಖಾತೆಯಂತೆ ಒಂದೇ ಹುಂಡಿಯನ್ನು ಊಹಿಸಿಕೊಳ್ಳುವವರೇ ಹೆಚ್ಚು. ವಾಸ್ತವದಲ್ಲಿ ಬಹುಪಾಲು ಯೋಜನೆಗಳಲ್ಲಿ ಎರಡು ಹುಂಡಿ, ಎರಡು ಬೀಗ, ಎರಡು ಪಂಚಾಂಗ. ಸೇರುವುದು ಕೆಲಸ ಮಾತ್ರ. ಯೋಜನೆ ಕೆಡುವುದು ವಿಜ್ಞಾನದಲ್ಲಿ ಅಲ್ಲ, ಈ ಎರಡೂ ಕೂಡುವ ಹೊಲಿಗೆಯಲ್ಲಿ. ಆ ಹೊಲಿಗೆ ಎಲ್ಲೆಲ್ಲಿ ಬಿಡುತ್ತದೆ ಎಂಬುದನ್ನು ಮೊದಲ ಬಾರಿ ಅರ್ಜಿ ಹಾಕುವ ಅಧ್ಯಾಪಕರಿಗೆ ಯಾರೂ ಕೂರಿಸಿಕೊಂಡು ಹೇಳುವುದಿಲ್ಲ.

ಮೊದಲು ಹಣದ ದಾರಿ. ಸೆಫಿಪ್ರಾ ಒಂದು ಬಗೆ: ಎರಡೂ ಸರ್ಕಾರಗಳ ಹಣದಿಂದ ನಡೆಯುವ, ತನ್ನದೇ ಕಚೇರಿ ಮತ್ತು ಎರಡೂ ದೇಶದ ವಿಜ್ಞಾನಿಗಳಿರುವ ಪರಿಷತ್ತು ಉಳ್ಳ ಸಂಸ್ಥೆ. ಅರ್ಜಿ ಒಂದೇ, ತೀರ್ಪು ಒಂದೇ. ಇದು ಅಪರೂಪದ ಬಗೆ. ಎರಡನೆಯದು ಸಮಾನಾಂತರ ಅನುದಾನ. ಬೆಂಗಳೂರಿನ ಅಂಚಿನಲ್ಲಿ ಹಳ್ಳಿ ನಗರವಾಗುವ ಬಗೆಯನ್ನು ಅಧ್ಯಯನ ಮಾಡಲು 2016ರಲ್ಲಿ ಶುರುವಾದ ಭಾರತ–ಜರ್ಮನಿ ಯೋಜನೆ ಇದಕ್ಕೆ ಒಳ್ಳೆಯ ಉದಾಹರಣೆ. ಗ್ಯೋಟಿಂಗನ್ ಮತ್ತು ಕಾಸೆಲ್ ವಿಶ್ವವಿದ್ಯಾಲಯದವರಿಗೆ ಜರ್ಮನಿಯ ಸಂಶೋಧನಾ ಪ್ರತಿಷ್ಠಾನ ಡಿಎಫ್‌ಜಿ ಹಣ ಕೊಟ್ಟಿತು. ನಮ್ಮ ಬೆಂಗಳೂರು ಕೃಷಿ ವಿಶ್ವವಿದ್ಯಾಲಯದ (ಜಿಕೆವಿಕೆ) ಕಡೆಯವರಿಗೆ ಕೇಂದ್ರದ ಜೈವಿಕ ತಂತ್ರಜ್ಞಾನ ಇಲಾಖೆ. ನಗರದ ಉತ್ತರಕ್ಕೊಂದು, ದಕ್ಷಿಣಕ್ಕೊಂದು ಪಟ್ಟಿ ಗುರುತಿಸಿ ಒಂದೇ ನೆಲದ ಮೇಲೆ ಇಬ್ಬರೂ ಕೆಲಸ ಮಾಡಿದರು. ಮೂರನೆಯದು ಒಂದು ಕಡೆಯ ಹಣ. 2018ರಲ್ಲಿ 418 ಕೋಟಿ ರೂಪಾಯಿಗೆ ಮಂಜೂರಾಗಿ ಐಐಟಿ ಖರಗ್‌ಪುರದ ಸಮನ್ವಯದಲ್ಲಿ ನಡೆದ ‘ಸ್ಪಾರ್ಕ್’ ಎಂಬ ಕೇಂದ್ರ ಸರ್ಕಾರದ ಯೋಜನೆ ಹೀಗೆ. ವಿದೇಶಿ ಪ್ರಾಧ್ಯಾಪಕರು ಪಾಲುದಾರರು, ಖರ್ಚು ನಮ್ಮ ಸರ್ಕಾರದ್ದು.

ಎರಡನೆಯ ಬಗೆ ಹೆಚ್ಚು ಬಳಕೆಯಲ್ಲಿರುವುದಕ್ಕೆ ಕಾರಣವಿದೆ. ಹಣ ಗಡಿ ದಾಟುವುದಿಲ್ಲ. ದಾಟಿದ ತಕ್ಷಣ ವಿದೇಶಿ ದೇಣಿಗೆ ನಿಯಂತ್ರಣ ಕಾಯ್ದೆ ಅಡ್ಡ ನಿಲ್ಲುತ್ತದೆ. ಕಾಯ್ದೆಯ ಮೂಲಕ ಸ್ಥಾಪನೆಯಾಗಿ ಮಹಾಲೇಖಪಾಲರ ಕಡ್ಡಾಯ ಆಡಿಟ್‌ಗೆ ಒಳಪಡುವ ಸಂಸ್ಥೆಗಳಿಗೆ ವಿನಾಯಿತಿ ಇದೆ. ಟ್ರಸ್ಟ್ ನಡೆಸುವ ಕಾಲೇಜಿಗೆ ಇಲ್ಲ. ಅದು ನೋಂದಣಿ ಮಾಡಿಸಿ, 2020ರ ತಿದ್ದುಪಡಿಯ ಪ್ರಕಾರ ದೆಹಲಿಯ ಸ್ಟೇಟ್ ಬ್ಯಾಂಕ್ ಮುಖ್ಯ ಶಾಖೆಯಲ್ಲೇ ಖಾತೆ ತೆರೆಯಬೇಕು. ಬಂದ ಹಣದಲ್ಲಿ ಪಾಲು ತೆಗೆದು ಇನ್ನೊಂದು ಸಂಸ್ಥೆಗೆ ಕೊಡುವಂತಿಲ್ಲ. ಹಣವಷ್ಟೇ ಅಲ್ಲ, ಪಾಲುದಾರರು ಪ್ರೀತಿಯಿಂದ ‘ಇಟ್ಟುಕೊಳ್ಳಿ’ ಎಂದು ಬಿಟ್ಟುಹೋಗುವ ಉಪಕರಣವೂ ಕಾನೂನಿನ ಕಣ್ಣಲ್ಲಿ ದೇಣಿಗೆ. ಒಂದು ಸೆನ್ಸರ್ ಸೆಟ್ಟು ಬಿಟ್ಟುಹೋಗುವ ಮುನ್ನ ಹಣಕಾಸು ಅಧಿಕಾರಿಯ ಹತ್ತಿರ ಒಂದು ಮಾತು ಕೇಳಿಕೊಳ್ಳುವುದು ಒಳ್ಳೆಯದು.

ಅರ್ಜಿಯ ಹಂತದಲ್ಲಿ ಆಗುವ ತಪ್ಪು ಸಣ್ಣದು, ಆದರೆ ಮುಳುಗಿಸುವಂಥದ್ದು. ಸಮಾನಾಂತರ ಅನುದಾನದಲ್ಲಿ ಒಂದೇ ಪ್ರಸ್ತಾವವನ್ನು ಎರಡೂ ದೇಶದ ಪೋರ್ಟಲ್‌ನಲ್ಲಿ ಸಲ್ಲಿಸಬೇಕು. ಒಂದೇ ಕಡೆ ಬಂದದ್ದನ್ನು ಪರಿಗಣಿಸುವುದಿಲ್ಲ. ಎರಡೂ ಕಡೆ ಶೀರ್ಷಿಕೆ, ಅವಧಿ, ಪ್ರಧಾನ ಸಂಶೋಧಕರ ಹೆಸರು ಅಕ್ಷರಶಃ ಒಂದೇ ಇರಬೇಕು. ಅಲ್ಲಿ 36 ತಿಂಗಳು, ಇಲ್ಲಿ 2 ವರ್ಷ ಎಂದಿದ್ದರೆ ತಜ್ಞರ ಕೈ ಸೇರುವ ಮೊದಲೇ ಕಡತ ಪಕ್ಕಕ್ಕೆ ಹೋಗುತ್ತದೆ. ಗಡುವಿನ ಗಂಟೆಯೂ ಹಾಗೇ. ಯುರೋಪಿನ ಸಂಜೆ ಐದು ನಮ್ಮ ರಾತ್ರಿ ಎಂಟೂವರೆ ಅಥವಾ ಒಂಬತ್ತೂವರೆ. ಆ ಹೊತ್ತಿಗೆ ನಮ್ಮ ಕುಲಸಚಿವರ ಕಚೇರಿಗೆ ಬೀಗ ಬಿದ್ದಿರುತ್ತದೆ. ಸಹಿಯಾದ ಅನುಮೋದನಾ ಪತ್ರ ಕನಿಷ್ಠ ಹತ್ತು ದಿನ ಮೊದಲೇ ಕೈಯಲ್ಲಿರಬೇಕು. ಇಷ್ಟಾದ ಮೇಲೂ ಎರಡು ಸಂಸ್ಥೆಗಳು ಬೇರೆ ಬೇರೆ ತೂಗುತ್ತವೆ. ಒಂದು ಹೌದು, ಇನ್ನೊಂದು ಅಲ್ಲ ಅಂದರೆ ಯೋಜನೆ ಇಲ್ಲ.

ಇನ್ನು ಪಂಚಾಂಗ. ನಮ್ಮ ಹಣಕಾಸು ವರ್ಷ ಏಪ್ರಿಲ್‌ನಿಂದ ಮಾರ್ಚ್. ಜರ್ಮನಿ, ಫ್ರಾನ್ಸಿನದು ಜನವರಿಯಿಂದ ಡಿಸೆಂಬರ್. ಅಮೆರಿಕದ ಸರ್ಕಾರದ್ದು ಅಕ್ಟೋಬರ್‌ನಿಂದ, ಆಸ್ಟ್ರೇಲಿಯಾದ್ದು ಜುಲೈನಿಂದ. ಜಪಾನಿನದು ನಮ್ಮ ಹಾಗೆ. ಜರ್ಮನಿಯ ಪಾಲುದಾರರಿಗೆ ಮಂಜೂರಾತಿ ಜನವರಿಯಲ್ಲಿ ಬಂತು ಅಂದುಕೊಳ್ಳಿ. ನಮ್ಮ ಮಂಜೂರಾತಿ ಆದೇಶ ಮೇ ತಿಂಗಳಲ್ಲಿ, ಹಣ ಖಾತೆಗೆ ಜುಲೈನಲ್ಲಿ, ಜೆಆರ್‌ಎಫ್ (ಯೋಜನೆಯ ಕಿರಿಯ ಸಂಶೋಧಕರು) ನೇಮಕದ ಜಾಹೀರಾತು, ಸಂದರ್ಶನ, ಸೇರ್ಪಡೆ ಮುಗಿಯುವುದು ಅಕ್ಟೋಬರ್‌ನಲ್ಲಿ. ಆ ಹೊತ್ತಿಗೆ ರಾಗಿ ತೆನೆ ಬಿಟ್ಟಿರುತ್ತದೆ. ಮೂರು ವರ್ಷದ ಬೇಸಾಯ ಯೋಜನೆಯಲ್ಲಿ ಇರುವುದೇ ಮೂರು ಮುಂಗಾರು. ಒಂದು ಹೋದರೆ ಮೂರನೇ ಒಂದು ಪಾಲು ದತ್ತಾಂಶ ಹೋದಂತೆ. ಕಳೆದದ್ದು ಬರಗಾಲದ ವರ್ಷವಾಗಿದ್ದರಂತೂ ಆ ಮಾಹಿತಿ ಮತ್ತೆ ಯಾವಾಗ ಸಿಕ್ಕೀತೋ ಹೇಳಲು ಬರುವುದಿಲ್ಲ.

ಇದಕ್ಕೆ ಪರಿಹಾರ ದೆಹಲಿಯಲ್ಲಿ ಇಲ್ಲ, ಪ್ರಸ್ತಾವದ ಕೋಷ್ಟಕದಲ್ಲಿ ಇದೆ. ಕೆಲಸದ ಪಟ್ಟಿಯಲ್ಲಿ ‘1ನೇ ತಿಂಗಳು, 2ನೇ ತಿಂಗಳು’ ಎಂದು ಬರೆಯುವುದು ವಾಡಿಕೆ. ಹಾಗೆ ಬರೆದರೆ ಮಂಜೂರಾತಿ ತಡವಾದಾಗ ಇಡೀ ಪಟ್ಟಿ ಬೆಳೆಯ ಋತುವಿನಿಂದ ಜಾರುತ್ತದೆ. ಅದರ ಬದಲು ‘ಹಣ ಬಂದ ನಂತರದ ಮೊದಲ ಮುಂಗಾರು, ಎರಡನೇ ಮುಂಗಾರು’ ಎಂದು ಬರೆದು, ಬಿತ್ತನೆಗೆ ಮುಂಚೆ ಆಗಲೇಬೇಕಾದ ಕೆಲಸ ಯಾವುದು, ಋತು ಇಲ್ಲದಾಗ ಮಾಡಬಹುದಾದದ್ದು ಯಾವುದು ಎಂದು ಬೇರ್ಪಡಿಸಬೇಕು. ಪ್ರಶ್ನಾವಳಿ ತಯಾರಿ, ಅನುಮತಿ ಪತ್ರಗಳು, ಹಳೆಯ ಮಳೆ ದಾಖಲೆ ಒಟ್ಟು ಮಾಡುವುದು, ಹೊಲ ಗುರುತಿಸುವುದು ಎಲ್ಲಕ್ಕೂ ಹಣ ಕಡಿಮೆ ಸಾಕು. ಆರಂಭದ ದಿನಾಂಕ ಎರಡೂ ಕಡೆ ಬೇರೆಯಾದರೆ ಮುಕ್ತಾಯವೂ ಬೇರೆಯಾಗುತ್ತದೆ. ಕೊನೆಯ ಆರು ತಿಂಗಳು ಒಬ್ಬರ ಹತ್ತಿರ ಹಣ ಇದ್ದು ಇನ್ನೊಬ್ಬರ ಹತ್ತಿರ ಇಲ್ಲದಿರುವ ಸ್ಥಿತಿ ಅಲ್ಲಿಂದಲೇ ಹುಟ್ಟುವುದು.

ಎರಡನೇ ವರ್ಷದ ಕಂತು ಬರಬೇಕಾದರೆ ಮಾರ್ಚ್ 31ಕ್ಕೆ ಲೆಕ್ಕ ಮುಗಿಸಿ ಬಳಕೆ ಪ್ರಮಾಣಪತ್ರ ಕಳಿಸಬೇಕು. ಎಲ್ಲರೂ ಯುಸಿ ಎನ್ನುವುದು ಇದನ್ನೇ. ಕೇಂದ್ರದ ಸಾಮಾನ್ಯ ಹಣಕಾಸು ನಿಯಮಗಳ 12-ಎ ನಮೂನೆ. ಇದರ ಜತೆಗೆ ಖರ್ಚಿನ ವಿವರ ಪಟ್ಟಿ, ಪ್ರಗತಿ ವರದಿ. ಪ್ರಧಾನ ಸಂಶೋಧಕರು, ಹಣಕಾಸು ಅಧಿಕಾರಿ, ಸಂಸ್ಥೆಯ ಮುಖ್ಯಸ್ಥರು ಮೂವರ ಸಹಿ. ಬ್ಯಾಂಕಿನಲ್ಲಿ ಬೆಳೆದ ಬಡ್ಡಿ ಯೋಜನೆಯದ್ದಲ್ಲ, ಭಾರತ್ ಕೋಶ್ ಎಂಬ ಆನ್‌ಲೈನ್ ಪಾವತಿ ತಾಣದ ಮೂಲಕ ಸರ್ಕಾರಕ್ಕೆ ಕಟ್ಟಬೇಕು. ಎಷ್ಟೋ ಕಡತ ನಿಲ್ಲುವುದು ಆ ಕೆಲವು ನೂರು ರೂಪಾಯಿಯ ರಸೀದಿ ಇಲ್ಲದ್ದಕ್ಕೆ. ಬಜೆಟ್ಟಿನಲ್ಲಿ ಉಪಕರಣದ ತಲೆಬರಹದಡಿ ಬಂದ ಹಣವನ್ನು ಪ್ರಯಾಣಕ್ಕೆ, ಸಂಬಳಕ್ಕೆ ತಿರುಗಿಸಲು ಆಗುವುದಿಲ್ಲ. ಜರ್ಮನಿಯ ಕಡೆ ತಲೆಬರಹಗಳ ನಡುವೆ ಹಣ ಸರಿಸುವುದು ಸಾಕಷ್ಟು ಸುಲಭ. ಆದ್ದರಿಂದ ಅವರು ‘ಇದನ್ನು ಸ್ವಲ್ಪ ಹೊಂದಿಸಿಕೊಳ್ಳೋಣ’ ಎಂದು ಹಗುರವಾಗಿ ಹೇಳಿದ್ದು ನಮ್ಮ ಕಡೆ ಮೂರು ತಿಂಗಳ ಪತ್ರವ್ಯವಹಾರವಾಗುತ್ತದೆ. ಈ ವ್ಯತ್ಯಾಸವನ್ನು ಮೊದಲ ಸಭೆಯಲ್ಲೇ ಬಿಡಿಸಿ ಹೇಳಿದರೆ ನಮ್ಮವರು ಉದಾಸೀನರು ಎಂಬ ತಪ್ಪು ಕಲ್ಪನೆ ಅವರಲ್ಲಿ ಬೆಳೆಯುವುದಿಲ್ಲ.

ರಾಜ್ಯದ ವಿಶ್ವವಿದ್ಯಾಲಯವಾದರೆ ಇನ್ನೊಂದು ಗಂಟು. ಹಣ ಕೊಟ್ಟ ಕೇಂದ್ರ ಇಲಾಖೆ ತನ್ನ ಹಣಕಾಸು ನಿಯಮ ಪಾಲಿಸಿ ಎನ್ನುತ್ತದೆ. ವಿಶ್ವವಿದ್ಯಾಲಯ ಸಾರ್ವಜನಿಕ ಖರೀದಿಗೆ ಸಂಬಂಧಿಸಿದ ರಾಜ್ಯದ 1999ರ ಪಾರದರ್ಶಕತೆ ಕಾಯ್ದೆಯ ಪ್ರಕಾರ ಟೆಂಡರ್ ಕರೆಯಬೇಕು. ಇವೆರಡನ್ನೂ ತೃಪ್ತಿಪಡಿಸುವ ಖರೀದಿ ಟಿಪ್ಪಣಿ ಬರೆಯಬಲ್ಲ ಒಬ್ಬ ಅನುಭವಿ ಸೂಪರಿಂಟೆಂಡೆಂಟ್ ಇದ್ದರೆ ಯೋಜನೆ ಗೆದ್ದಂತೆ. ವಿದೇಶಿ ಉಪಕರಣದ ಬೆಲೆ ಲೆಕ್ಕ ಹಾಕುವಾಗ ಒಂದು ಎಚ್ಚರ ಬೇಕು. ಸಂಶೋಧನಾ ಸಂಸ್ಥೆಗಳಿಗೆ ಇದ್ದ ಶೇ 5ರ ರಿಯಾಯಿತಿ ದರದ ಜಿಎಸ್‌ಟಿ 2022ರ ಜುಲೈನಲ್ಲಿ ಹೋಯಿತು. ಬಹುಪಾಲು ಉಪಕರಣಗಳಿಗೆ ಈಗ ಶೇ 18. ಹಳೆಯ ಪ್ರಸ್ತಾವದಿಂದ ಕೋಷ್ಟಕ ನಕಲು ಮಾಡಿದವರಿಗೆ 20 ಲಕ್ಷದ ಯಂತ್ರಕ್ಕೆ ತೆರಿಗೆಯೊಂದರಲ್ಲೇ 2 ಲಕ್ಷದ 60 ಸಾವಿರ ಕಡಿಮೆ ಬೀಳುತ್ತದೆ. ಅದರ ಮೇಲೆ ಯೂರೊ ದರದ ಏರಿಳಿತ.

ಹುಡುಗರ ಸಂಬಳದ ವಿಷಯ ಯಾರೂ ಬಾಯಿಬಿಟ್ಟು ಆಡುವುದಿಲ್ಲ, ಆದರೆ ಆಡಬೇಕು. ಒಂದೇ ಹೊಲದಲ್ಲಿ ಒಂದೇ ಬಿಸಿಲಿನಲ್ಲಿ ಇಬ್ಬರು ಮಣ್ಣು ತೆಗೆಯುತ್ತಿರುತ್ತಾರೆ. ಜರ್ಮನಿಯ ಪಿಎಚ್‌ಡಿ ವಿದ್ಯಾರ್ಥಿಗೆ ಅಲ್ಲಿಯ ಸರ್ಕಾರಿ ವೇತನ ಶ್ರೇಣಿಯ ಶೇ 65ರ ಹುದ್ದೆ, ವಿಮೆ, ಪಿಂಚಣಿ ವಂತಿಗೆ ಸಹಿತ. ನಮ್ಮ ಜೆಆರ್‌ಎಫ್‌ಗೆ 2023ರ ಜನವರಿಯಿಂದ ತಿಂಗಳಿಗೆ 37,000 ರೂಪಾಯಿ ಮತ್ತು ಮನೆ ಬಾಡಿಗೆ ಭತ್ಯೆ. ಅದೂ ಕಂತು ತಡವಾದರೆ ತಿಂಗಳುಗಟ್ಟಲೆ ಇಲ್ಲ. ದರ ಬದಲಾಯಿಸುವುದು ಯೋಜನೆಯವರ ಕೈಯಲ್ಲಿಲ್ಲ. ಕೈಯಲ್ಲಿರುವುದು ಇಷ್ಟು: ಕ್ಷೇತ್ರಕಾರ್ಯದ ಊಟ, ವಾಹನ, ತಂಗುವಿಕೆ ಇಬ್ಬರಿಗೂ ಒಂದೇ ಇರಲಿ. ಯಾವ ದತ್ತಾಂಶದ ಮೇಲೆ ಯಾರು ಮೊದಲ ಲೇಖಕರು ಎಂದು ಮಾದರಿ ತೆಗೆಯುವ ಮುಂಚೆಯೇ ಬರೆದಿಡಲಿ. ಕಂತು ತಡವಾದಾಗ ವಿಶ್ವವಿದ್ಯಾಲಯದ ನಿಧಿಯಿಂದ ಮುಂಗಡ ಕೊಟ್ಟು ಆಮೇಲೆ ಹೊಂದಿಸಿಕೊಳ್ಳುವ ಒಂದು ಸಾಲಿನ ಅನುಮತಿಯನ್ನು ಆರಂಭದಲ್ಲೇ ಕುಲಸಚಿವರಿಂದ ಪಡೆದಿಡಲಿ. ನಮ್ಮ ಹುಡುಗಿ ಅಥವಾ ಹುಡುಗ ಮಣ್ಣು ಹೊತ್ತದ್ದು ಮಾತ್ರ, ಅಲ್ಲಿಯವರು ಪ್ರಬಂಧ ಬರೆದದ್ದು ಮಾತ್ರ ಎಂಬಂತಾದರೆ ಅದಕ್ಕೆ ಸಹಭಾಗಿತ್ವ ಎಂಬ ಹೆಸರು ಸಲ್ಲದು. ಪ್ರಯಾಣದಲ್ಲಿ ಮಾತ್ರ ಹೆಚ್ಚಿನ ದ್ವಿಪಕ್ಷೀಯ ಯೋಜನೆಗಳ ಪದ್ಧತಿ ನ್ಯಾಯವಾಗಿದೆ: ಕಳಿಸುವವರು ವಿಮಾನದ ಟಿಕೆಟ್ ಕೊಡುತ್ತಾರೆ, ಕರೆಸಿಕೊಳ್ಳುವವರು ಊಟ ವಸತಿ ನೋಡಿಕೊಳ್ಳುತ್ತಾರೆ. ಸೆಫಿಪ್ರಾದ ರಾಮನ್–ಶಾರ್ಪಾಕ್ ಫೆಲೋಶಿಪ್‌ನಂಥವು ಪಿಎಚ್‌ಡಿ ವಿದ್ಯಾರ್ಥಿಗಳನ್ನು ಕೆಲವು ತಿಂಗಳು ಅತ್ತಿತ್ತ ಕಳಿಸುತ್ತವೆ. ನಮ್ಮ ಮಕ್ಕಳು ಅಲ್ಲಿಯ ಪ್ರಯೋಗಾಲಯದಲ್ಲಿ ಕೂತು ತಮ್ಮ ಮಾದರಿಯನ್ನು ತಾವೇ ಯಂತ್ರದಲ್ಲಿ ಪರೀಕ್ಷಿಸಿ ಬಂದರೆ ಮೇಲಿನ ಅಸಮಾನತೆ ಅಷ್ಟರ ಮಟ್ಟಿಗೆ ಕಡಿಮೆ.

ಅನುಮತಿಗಳಿಗೆ ಹಣಕ್ಕಿಂತ ಹೆಚ್ಚು ಸಮಯ ಬೇಕು. ಬಂಡೀಪುರದಂಥ ಸಂರಕ್ಷಿತ ಕಾಡಿನಲ್ಲಿ ಕೆಲಸ ಮಾಡಲು ವನ್ಯಜೀವಿ ಸಂರಕ್ಷಣಾ ಕಾಯ್ದೆಯ 28ನೇ ಸೆಕ್ಷನ್ ಪ್ರಕಾರ ಮುಖ್ಯ ವನ್ಯಜೀವಿ ಪಾಲಕರ ಪರವಾನಗಿ ಬೇಕು. ಮೂಲೆಹೊಳೆಯ ಪಕ್ಕದ ಹೆದ್ದಾರಿಯಲ್ಲಿ 2009ರಿಂದ ರಾತ್ರಿ 9ರಿಂದ ಬೆಳಿಗ್ಗೆ 6ರವರೆಗೆ ಸಂಚಾರ ನಿಷೇಧ. ತೊರೆ ಹರಿಯುವುದೇ ಮಳೆಗಾಲದಲ್ಲಿ, ಜೋರು ಮಳೆಯ ಪ್ರವಾಹ ಕೆಲವೇ ಗಂಟೆಯಲ್ಲಿ ಬಂದು ಹೋಗುವಂಥದ್ದು. ಇಂಥ ಜಾಗದಲ್ಲಿ ತಾನಾಗಿ ನೀರಿನ ಮಾದರಿ ತುಂಬಿಕೊಳ್ಳುವ ಯಂತ್ರ ಐಷಾರಾಮವಲ್ಲ. ವಿದೇಶದಿಂದ ಬರುವವರಿಗೆ ರಿಸರ್ಚ್ ವೀಸಾ ಬೇಕು. ‘ಎರಡು ವಾರ ತಾನೆ’ ಎಂದು ಪ್ರವಾಸಿ ವೀಸಾದಲ್ಲಿ ಬಂದು ಹೊಲಕ್ಕಿಳಿದರೆ ಅವರಿಗೂ ತೊಂದರೆ, ಕರೆಸಿದವರಿಗೂ ತೊಂದರೆ. ಚೀಲದಲ್ಲಿ ಉಪಗ್ರಹ ಫೋನ್ ತರಬೇಡಿ ಎಂದು ಮೊದಲೇ ಬರೆದು ತಿಳಿಸಿ. ಕಾಡು ಸುತ್ತುವವರಿಗೆ ಅಲ್ಲಿ ಅದು ಸುರಕ್ಷತೆಯ ಸಾಧನ, ಇಲ್ಲಿ ಅನುಮತಿ ಇಲ್ಲದೆ ಇಟ್ಟುಕೊಂಡರೆ ವಿಮಾನ ನಿಲ್ದಾಣದಲ್ಲೇ ಪೊಲೀಸರ ಕೈಗೆ ಹೋಗುತ್ತಾರೆ.

ಬೀಜ, ಎಲೆ, ಸೂಕ್ಷ್ಮಜೀವಿ ಯಾವುದೇ ಹೊರಗೆ ಹೋಗಬೇಕಾದರೆ 2002ರ ಜೀವವೈವಿಧ್ಯ ಕಾಯ್ದೆ ಇದೆ. ಕೇಂದ್ರ ಸರ್ಕಾರದ ಮಾರ್ಗಸೂಚಿಗೆ ಅನುಗುಣವಾಗಿ ಅನುಮೋದನೆ ಪಡೆದ ಸಹಯೋಗ ಯೋಜನೆಗಳಿಗೆ 5ನೇ ಸೆಕ್ಷನ್ ವಿನಾಯಿತಿ ಕೊಡುತ್ತದೆ. ಆದರೆ ಆ ಅನುಮೋದನೆ ಕಾಗದದ ಮೇಲಿರಬೇಕು. ಅತ್ತ ಯುರೋಪಿನ ಪಾಲುದಾರರೂ ಈ ಕಾಗದಕ್ಕೆ ಕಾಯುತ್ತಿರುತ್ತಾರೆ. ಜೈವಿಕ ಸಂಪನ್ಮೂಲದ ಬಳಕೆ ಮತ್ತು ಲಾಭ ಹಂಚಿಕೆಯ ಅಂತರರಾಷ್ಟ್ರೀಯ ನಗೋಯಾ ಒಪ್ಪಂದವನ್ನು ಜಾರಿಗೆ ತರುವ ಅಲ್ಲಿಯ ನಿಯಮದಂತೆ, ಸಂಶೋಧನಾ ಹಣ ಪಡೆದವರು ತಾವು ಬಳಸುವ ಜೈವಿಕ ಸಂಪನ್ಮೂಲ ಸರಿಯಾದ ದಾರಿಯಲ್ಲಿ ಬಂದದ್ದೆಂದು ಘೋಷಿಸಬೇಕು. ಮಣ್ಣಿನ ಕಥೆ ಬೇರೆ. ಸಸ್ಯರೋಗದ ಭಯದಿಂದ ಹೊರದೇಶದ ಮಣ್ಣಿಗೆ ಯುರೋಪಿನಲ್ಲಿ ನಿಷೇಧ. ಪ್ರಯೋಗಕ್ಕೆ ಬೇಕಾದರೆ ಅಲ್ಲಿಯ ಪ್ರಯೋಗಾಲಯ ವಿಶೇಷ ಅನುಮತಿ ಪತ್ರ ಪಡೆದು ಇಲ್ಲಿಗೆ ಕಳಿಸಬೇಕು, ಆ ಪತ್ರ ಪೊಟ್ಟಣದ ಜತೆಯಲ್ಲೇ ಪ್ರಯಾಣ ಮಾಡಬೇಕು. ಪತ್ರ ಬರುವ ಮುಂಚೆ ಕೊರಿಯರ್ ಮಾಡಿದ ಮಣ್ಣು ಅಲ್ಲಿ ನಾಶವಾಗುತ್ತದೆ. ಒಂದು ಋತುವಿನ ಶ್ರಮ.

ಇಷ್ಟೆಲ್ಲ ದಾಟಿ ಮಾದರಿ ಎರಡೂ ಪ್ರಯೋಗಾಲಯ ಸೇರಿತು ಅನ್ನಿ. ಯೋಜನೆಯ ದೊಡ್ಡ ನಷ್ಟ ಆಗುವುದು ಇಲ್ಲಿ, ಅದೂ ಸದ್ದಿಲ್ಲದೆ. ನಮ್ಮ ಕೃಷಿ ಪ್ರಯೋಗಾಲಯಗಳಲ್ಲಿ ಮಣ್ಣಿನ ಸಾವಯವ ಇಂಗಾಲ ಅಳೆಯುವುದು ವಾಕ್ಲೆ–ಬ್ಲ್ಯಾಕ್ ವಿಧಾನದಲ್ಲಿ: ಡೈಕ್ರೋಮೇಟ್, ಗಂಧಕಾಮ್ಲ, ಆಮೇಲೆ ಟೈಟ್ರೇಶನ್. ಇದು ಇರುವ ಇಂಗಾಲದಲ್ಲಿ ಸರಾಸರಿ ಶೇ 77ರಷ್ಟನ್ನೇ ಹಿಡಿಯುತ್ತದೆಂದು ಲೆಕ್ಕ, ಅದಕ್ಕಾಗಿ ಫಲಿತಾಂಶವನ್ನು 1.3ರಿಂದ ಗುಣಿಸುವ ವಾಡಿಕೆ. ಕೆಲವರು ಗುಣಿಸುತ್ತಾರೆ, ಕೆಲವರು ಗುಣಿಸುವುದಿಲ್ಲ. ಯುರೋಪಿನಲ್ಲಿ ಮಣ್ಣನ್ನು ಯಂತ್ರದಲ್ಲಿ ಪೂರ್ತಿ ಸುಟ್ಟು ಹೊರಬಂದ ಇಂಗಾಲವನ್ನೆಲ್ಲ ಅಳೆಯುತ್ತಾರೆ. ಮಣ್ಣಿನಲ್ಲಿ ಸುಣ್ಣ ಇದ್ದರೆ ಅದರ ಇಂಗಾಲವೂ ಸೇರಿಬಿಡುತ್ತದೆ, ಮೊದಲು ಆಮ್ಲ ಹಾಕಿ ತೆಗೆಯದಿದ್ದರೆ. ರಂಜಕಕ್ಕೆ ಬಂದರೆ ಇನ್ನೂ ಗೋಜಲು. ಇಲ್ಲಿ ಹುಳಿ ಮಣ್ಣಿಗೆ ಬ್ರೇ ವಿಧಾನ, ಉಳಿದದ್ದಕ್ಕೆ ಓಲ್ಸನ್ ವಿಧಾನ. ಜರ್ಮನಿಯಲ್ಲಿ ಕ್ಯಾಲ್ಸಿಯಂ ಅಸಿಟೇಟ್ ಲ್ಯಾಕ್ಟೇಟ್. ಮೂರೂ ‘ಲಭ್ಯ ರಂಜಕ’ ಎಂದೇ ಬರೆಯುತ್ತವೆ. ಮೂರೂ ಬೇರೆ ಬೇರೆ ದ್ರಾವಣ ಕರಗಿಸಿ ತೆಗೆದ ಬೇರೆ ಬೇರೆ ಪಾಲು. ಒಂದು ಕೋಷ್ಟಕದಲ್ಲಿ ಬೆಂಗಳೂರಿನ ಉತ್ತರದ ನೆಲದ ಪಟ್ಟಿಯ ಅಂಕಿ ಇಲ್ಲಿಯದು, ದಕ್ಷಿಣ ಪಟ್ಟಿಯದು ಅಲ್ಲಿಯದು ಎಂದಾದರೆ, ಕಾಣುವ ವ್ಯತ್ಯಾಸ ನೆಲದ್ದೋ ವಿಧಾನದ್ದೋ ಯಾರೂ ಹೇಳಲಾರರು.

ಮಾಡಬೇಕಾದದ್ದು ಸರಳ, ಖರ್ಚೂ ಕಡಿಮೆ. ಹೊಲದಲ್ಲಿ ಹತ್ತು ಹದಿನೈದು ಕಡೆ ತೆಗೆದ ಮಣ್ಣನ್ನು ಬಟ್ಟೆಯ ಮೇಲೆ ಸುರಿದು, ಹೆಂಟೆ ಪುಡಿ ಮಾಡಿ, ಬೇರು ಕಲ್ಲು ಆರಿಸಿ, ನೆರಳಲ್ಲಿ ಒಣಗಿಸಿ, 2 ಮಿಲಿಮೀಟರ್ ಜರಡಿ ಹಿಡಿಯಬೇಕು. ರೊಟ್ಟಿಯಂತೆ ಹರಡಿ ನಾಲ್ಕು ಪಾಲು ಮಾಡಿ, ಎದುರುಬದುರಿನ ಎರಡು ಪಾಲು ಬಿಟ್ಟು ಉಳಿದೆರಡನ್ನು ಕಲಸಿ, ಮತ್ತೆ ಹರಡಿ, ಮತ್ತೆ ನಾಲ್ಕು ಪಾಲು. ಅರ್ಧ ಕಿಲೋಗೆ ಬಂದಾಗ ಎರಡು ಚೀಲ. ಒಂದು ಇಲ್ಲಿಗೆ, ಒಂದು ಅಲ್ಲಿಗೆ. ಇಂಥ ಜೋಡಿ ಮಾದರಿ ಎಲ್ಲ ಬಗೆಯ ಮಣ್ಣೂ ಸೇರುವಂತೆ ಮೂವತ್ತು ನಲವತ್ತಾದರೂ ಇರಲಿ. ಎರಡೂ ಕಡೆಯ ಫಲಿತಾಂಶ ಒಂದರ ಮೇಲೊಂದು ಗುರುತಿಸಿದರೆ ಈ ನೆಲಕ್ಕೆ ಸರಿಹೊಂದುವ ಪರಿವರ್ತನೆ ಸಿಗುತ್ತದೆ, ಪುಸ್ತಕದ 1.3 ಅಲ್ಲ. ಕೆಂಪು ಮಣ್ಣು, ಕಪ್ಪು ಮಣ್ಣು ಒಂದೇ ಗೆರೆಯಲ್ಲಿ ಕೂರದಿದ್ದರೆ ಎರಡು ಗೆರೆ ಎಳೆಯಿರಿ. ಒಣಗಿಸುವ ಬಿಸಿಯನ್ನೂ ಬರೆದಿಡಬೇಕು: ತೇವಾಂಶ ಅಳೆಯುವ ಮಣ್ಣು 105 ಡಿಗ್ರಿಯಲ್ಲಿ ಒಣಗಬೇಕು, ರಾಸಾಯನಿಕ ಪರೀಕ್ಷೆಯದ್ದನ್ನು ಅಷ್ಟು ಸುಡಬಾರದು. ಒಂದೇ ಓವನ್ನಿನಲ್ಲಿ ಎರಡನ್ನೂ ಇಟ್ಟು ಕೆಡಿಸುವುದು ತೀರ ಸಾಮಾನ್ಯ ತಪ್ಪು.

ಮಳೆಯ ಲೆಕ್ಕದಲ್ಲಿ ಇನ್ನೊಂದು ಹೊಲಿಗೆ. ಹವಾಮಾನ ಇಲಾಖೆಯ ಪದ್ಧತಿಯಂತೆ ನಮ್ಮ ಮಳೆಯ ದಿನ ಮುಗಿಯುವುದು ಬೆಳಿಗ್ಗೆ 8.30ಕ್ಕೆ. ಆ ಹೊತ್ತಿಗೆ ಮಾಪಕದಲ್ಲಿದ್ದದ್ದು ಅಂದಿನ ತಾರೀಖಿಗೆ ಜಮಾ. ತಾನಾಗಿ ಅಂಕಿ ದಾಖಲಿಸುವ ಲಾಗರ್ ಯಂತ್ರ ಮಧ್ಯರಾತ್ರಿಯಿಂದ ಮಧ್ಯರಾತ್ರಿಗೆ ಕೂಡುತ್ತದೆ, ಅದೂ ಗ್ರೀನಿಚ್ ಸಮಯದಲ್ಲಿದ್ದರೆ ನಮ್ಮ ಐದೂವರೆ ಗಂಟೆ ಪಕ್ಕಕ್ಕೆ. ಜೂನ್ 12ರ ಸಂಜೆ ಸುರಿದ ಮಳೆ ಒಂದು ಕಡತದಲ್ಲಿ 12ಕ್ಕೆ, ಇನ್ನೊಂದರಲ್ಲಿ 13ಕ್ಕೆ ಬೀಳುತ್ತದೆ. ತಿಂಗಳ ಮೊತ್ತದಲ್ಲಿ ಇದು ಕಾಣುವುದೇ ಇಲ್ಲ. ಹೊಲದ ತೇವಾಂಶವನ್ನು ದಿನದ ಲೆಕ್ಕದಲ್ಲಿ ಕಂಪ್ಯೂಟರ್ ಮಾಡೆಲಿಗೆ ಹಾಕಿದಾಗ ಮಳೆ ಬರುವ ಮುನ್ನ ಮಣ್ಣು ಒದ್ದೆಯಾದಂತೆ ಕಾಣಿಸುತ್ತದೆ, ಆಗ ವಾರಗಟ್ಟಲೆ ಹುಡುಕಾಟ. ದಶಮಾಂಶವೂ ಹೀಗೆ: ಫ್ರಾನ್ಸ್, ಜರ್ಮನಿಯಲ್ಲಿ 3.5 ಅನ್ನು 3,5 ಎಂದು ಬರೆಯುತ್ತಾರೆ. ಅಲ್ಲಿಯ ಎಕ್ಸೆಲ್‌ನಲ್ಲಿ ಉಳಿಸಿದ ಕಡತ ಇಲ್ಲಿ ತೆರೆದರೆ ಅಂಕಿ ಅಕ್ಷರವಾಗುತ್ತದೆ, ಇಲ್ಲವೇ ಹತ್ತು ಪಟ್ಟಾಗುತ್ತದೆ. 03/04 ಮಾರ್ಚೋ ಏಪ್ರಿಲ್ಲೋ ಎಂಬ ಜಗಳ ತಪ್ಪಿಸಲು ವರ್ಷ-ತಿಂಗಳು-ದಿನ ಎಂಬ ಒಂದೇ ಕ್ರಮ, ಭಾರತೀಯ ಕಾಲಮಾನ, ದಶಮಾಂಶಕ್ಕೆ ಚುಕ್ಕಿ ಎಂದು ಮೊದಲ ಪುಟದಲ್ಲೇ ಬರೆದುಕೊಳ್ಳಬೇಕು.

ಪೇಟೆಂಟ್ ಆಗುವಂಥದ್ದೇನಾದರೂ ಹೊಳೆದರೆ ಒಂದು ಮಾತು ನೆನಪಿರಲಿ. ಭಾರತದಲ್ಲಿ ವಾಸವಿರುವ ಸಂಶೋಧಕರ ಹೆಸರಿರುವ ಅರ್ಜಿಯನ್ನು ಮೊದಲು ಹೊರದೇಶದಲ್ಲಿ ಹಾಕಬೇಕಾದರೆ ಪೇಟೆಂಟ್ ಕಾಯ್ದೆಯ 39ನೇ ಸೆಕ್ಷನ್ ಪ್ರಕಾರ ಅನುಮತಿ ಬೇಕು, ಇಲ್ಲವೇ ಇಲ್ಲಿ ಹಾಕಿ ಆರು ವಾರ ಕಾಯಬೇಕು. ಪಾಲುದಾರರ ವಿಶ್ವವಿದ್ಯಾಲಯದ ವಕೀಲರು ಒಳ್ಳೆಯ ಮನಸ್ಸಿನಿಂದಲೇ ಅಲ್ಲಿ ಮೊದಲು ಹಾಕಿಬಿಡುವುದುಂಟು. ಸಿಕ್ಕಿಬೀಳುವುದು ಇಲ್ಲಿಯವರು.

ಅವಧಿ ಮುಗಿಯುತ್ತ ಬಂದಾಗ ಎಲ್ಲರೂ ಕೇಳುವುದು ಹೆಚ್ಚುವರಿ ವೆಚ್ಚವಿಲ್ಲದ ವಿಸ್ತರಣೆ. ಅದು ಸಮಯ ಕೊಡುತ್ತದೆ, ಹಣ ಕೊಡುವುದಿಲ್ಲ. ಉಳಿದ ಹಣದಲ್ಲಿ ಜೆಆರ್‌ಎಫ್ ಸಂಬಳ ಸಾಲದಿದ್ದರೆ ವಿಸ್ತರಣೆ ಸಿಕ್ಕರೂ ಕೆಲಸಕ್ಕೆ ಕೈಗಳೇ ಇರುವುದಿಲ್ಲ. ಕೇಳುವುದಾದರೆ ಎರಡೂ ಕಡೆ ಒಟ್ಟಿಗೆ, ಒಂದೇ ಕೊನೆಯ ದಿನಾಂಕಕ್ಕೆ, ಕನಿಷ್ಠ ಮೂರು ತಿಂಗಳು ಮೊದಲು ಕೇಳಿ.

ಮೂರು ವರ್ಷದ ಅನುದಾನ ಮತ್ತು ಅಂತರ್ಜಲದ ಕಾಲ ಒಂದಕ್ಕೊಂದು ಹೊಂದುವುದಿಲ್ಲ. ಗಟ್ಟಿ ಬಂಡೆಯ ನೆಲದಲ್ಲಿ ಬೋರ್‌ವೆಲ್ ಬತ್ತುವುದೂ ಮತ್ತೆ ತುಂಬುವುದೂ ಹಲವು ಮುಂಗಾರುಗಳ ಲೆಕ್ಕ. ಮೂಲೆಹೊಳೆ, ಬೇರಂಬಾಡಿಯ ದಾಖಲೆಗೆ ಇಂದು ಬೆಲೆ ಬಂದಿರುವುದು ಅದು ಎರಡು ದಶಕದಷ್ಟು ಉದ್ದ ಇರುವುದರಿಂದ. ಉದ್ದವಾದದ್ದು ಹೇಗೆಂದರೆ ಒಂದಾದ ಮೇಲೊಂದು ಯೋಜನೆ ಅದೇ ನೆಲಕ್ಕೆ ಬಂದವು, ಹಾಗೂ ಎರಡೂ ದೇಶದ ಸಂಸ್ಥೆಗಳು ಆ ಜಾಗವನ್ನು ಶಾಶ್ವತ ವೀಕ್ಷಣಾಲಯ ಎಂದು ಒಪ್ಪಿಕೊಂಡವು. ಹೊಸ ಸಹಯೋಗ ಕಟ್ಟುವವರು ಒಂದು ಅನುದಾನ ಮುಗಿಯುವ ಒಂದೂವರೆ ವರ್ಷ ಮೊದಲೇ ಮುಂದಿನದ್ದಕ್ಕೆ ಬರೆಯಲು ಕೂರಬೇಕು. ನಡುವೆ ಖಾಲಿ ಬೀಳುವ ತಿಂಗಳುಗಳಿಗೆ ಬೇಕಾಗುವುದು ದೊಡ್ಡ ಮೊತ್ತವಲ್ಲ. ಟೇಪು ಹಿಡಿದು ಬೋರ್‌ವೆಲ್ ಸುತ್ತುವ ಸ್ಥಳೀಯ ಸಹಾಯಕರ ಸಂಬಳ, ಬೈಕಿನ ಪೆಟ್ರೋಲು, ಲಾಗರಿನ ಬ್ಯಾಟರಿ. ಪ್ರಸ್ತಾವದಲ್ಲಿ ಇದಕ್ಕೆ ತಲೆಬರಹ ಇರುವುದಿಲ್ಲ. ಸಂಸ್ಥೆ ಯೋಜನೆಯಿಂದ ತನ್ನ ಆಡಳಿತ ಖರ್ಚಿಗೆಂದು ಪಡೆಯುವ ಓವರ್‌ಹೆಡ್ ಹಣದಿಂದ ಇದಕ್ಕೆಂದು ಎತ್ತಿಡುವುದಾಗಿ ಮೊದಲ ಒಪ್ಪಂದದಲ್ಲೇ ಬರೆಸಿಕೊಳ್ಳಬೇಕು. ನಾಲ್ಕು ತಿಂಗಳು ಅಳತೆ ತಪ್ಪಿದ ಬೋರ್‌ವೆಲ್‌ನ ಗೆರೆಯನ್ನು ಆಮೇಲೆ ಯಾವ ಕಂಪ್ಯೂಟರೂ ನಿಜವಾಗಿ ಜೋಡಿಸಲಾರದು.

ಮುಗಿಸುವ ವರ್ಷದಲ್ಲಿ ಇನ್ನೊಂದು ಕೆಲಸವನ್ನು ಬಜೆಟ್ಟಿನಲ್ಲೇ ಸೇರಿಸಿ. ಅಳತೆಗೆ ತಮ್ಮ ಬೋರ್‌ವೆಲ್‌ನ ಮುಚ್ಚಳ ತೆಗೆದುಕೊಟ್ಟ ಪ್ರತಿ ರೈತರಿಗೂ ಒಂದು ಹಾಳೆ: ಅವರ ಹೆಸರು, ಸರ್ವೆ ನಂಬರು, ತಿಂಗಳು ತಿಂಗಳ ನೀರಿನ ಆಳ ಅಡಿಯಲ್ಲಿ, ಪಕ್ಕದಲ್ಲೇ ಆ ತಿಂಗಳ ಮಳೆ, ಎಲ್ಲ ಕನ್ನಡದಲ್ಲಿ. ಮೀಟರಿನಲ್ಲಿ ಬೇಡ, ಬೋರ್ ಕೊರೆಸಿದ ಲೆಕ್ಕ ಅವರಿಗೆ ನೆನಪಿರುವುದು ಅಡಿಯಲ್ಲಿ. ಹಾಳೆಗೆ ಲ್ಯಾಮಿನೇಶನ್ ಮಾಡಿಸಿದರೆ ಸ್ಟಾರ್ಟರ್ ಪೆಟ್ಟಿಗೆಯ ಒಳಬದಿಗೆ ಅಂಟಿಸಿಕೊಳ್ಳುತ್ತಾರೆ.